55 ಕ್ಯಾಂಕ್ರಿ ಇ: ಒಂದು ಸೂಪರ್ ಅರ್ಥ್‌ನ ಅಂಕಿಗಳನ್ನು ಬಿಚ್ಚಿ ನೋಡಿದರೆ

‘ಇಡೀ ವಜ್ರದಿಂದಲೇ ಆದ ಗ್ರಹ’ ಎಂದು ಆಗಾಗ ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಫಾರ್ವರ್ಡ್ ಇದೆಯಲ್ಲ, ಅದರಲ್ಲಿರುವುದು ಸೂರ್ಯನಲ್ಲದ ಬೇರೊಂದು ನಕ್ಷತ್ರವನ್ನು ಸುತ್ತುವ 55 ಕ್ಯಾಂಕ್ರಿ ಇ. ಅಲ್ಲಿ ವಜ್ರವಿದೆ ಎಂದು ಯಾರೂ ಅಳೆದು ಹೇಳಿಲ್ಲ. ಅಳೆದಿರುವುದು ಅದರ ವರ್ಷದ ಉದ್ದ, ದ್ರವ್ಯರಾಶಿ, ಗಾತ್ರ ಮತ್ತು ತಾಪ. ಈ ನಾಲ್ಕು ಅಂಕಿಗಳೂ 2004ರಿಂದ ಈಚೆಗೆ ಒಮ್ಮೆಯಾದರೂ ತಿದ್ದಿಸಿಕೊಂಡಿವೆ, ಕೆಲವು ಸಣ್ಣಪುಟ್ಟದಾಗಿ, ಒಂದಂತೂ ನಾಲ್ಕು ಪಟ್ಟು. ಸೂಪರ್ ಅರ್ಥ್‌ಗಳ ಬಗ್ಗೆ ಓದುವಾಗ ಯಾವ ಅಂಕಿಯನ್ನು ಎಷ್ಟು ನಂಬಬೇಕು ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ಗ್ರಹ ನನಗೆ ಗೊತ್ತಿಲ್ಲ.

ಮೊದಲೇ ಒಂದು ಮಾತು. ಸೂಪರ್ ಅರ್ಥ್ ಎಂದರೆ ‘ಭೂಮಿಗಿಂತ ಉತ್ತಮ’ ಎಂದಾಗಲಿ, ‘ಬದುಕಲು ಯೋಗ್ಯ’ ಎಂದಾಗಲಿ ಅಲ್ಲ. ಭೂಮಿಗಿಂತ ಭಾರ, ಸುಮಾರು ಹತ್ತು ಭೂಮಿಗಳಷ್ಟರ ಒಳಗೆ, ಅಷ್ಟೇ. ಹೆಸರು ಕೇಳಿ ಅಲ್ಲಿ ಸೈಟು ಕೊಳ್ಳಲು ಹೊರಡಬೇಡಿ.

ಈ ಗ್ರಹ ಸುತ್ತುವ ನಕ್ಷತ್ರ 55 ಕ್ಯಾಂಕ್ರಿಯನ್ನು ನಮ್ಮೂರಿನಿಂದಲೇ ನೋಡಬಹುದು. ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು) 5.95, ಅಂದರೆ ಬರಿಗಣ್ಣಿನ ಅಂಚು. ಬೆಂಗಳೂರು, ಹುಬ್ಬಳ್ಳಿಯ ಬೆಳಕಿನಲ್ಲಿ ಬೈನಾಕ್ಯುಲರ್ ಬೇಕೇ ಬೇಕು. ಮಾರ್ಚ್ ನಡುಭಾಗದಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಅದು ನೆತ್ತಿಗಿಂತ ಹದಿನೈದು ಡಿಗ್ರಿಯಷ್ಟು ಉತ್ತರಕ್ಕಿರುತ್ತದೆ. ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಹೊಳೆಯುವ ಪೊಲಕ್ಸ್‌ನಿಂದ ನೇರ ಪೂರ್ವಕ್ಕೆ, ಕೈ ಚಾಚಿ ಹಿಡಿದ ಮುಷ್ಟಿಯ ಅಳತೆಯಲ್ಲಿ ಒಂದೂವರೆ ಮುಷ್ಟಿ ದೂರ ಹೋಗಿ. ಅಲ್ಲಿ ನಾಲ್ಕನೇ ಕಾಂತಿಮಾನದ ಅಯೋಟಾ ಕ್ಯಾಂಕ್ರಿ ಸಿಗುತ್ತದೆ. ಅದನ್ನು ಬೈನಾಕ್ಯುಲರ್‌ನ ನಡುವೆ ಇಟ್ಟುಕೊಂಡರೆ, ಪೂರ್ವಕ್ಕೆ ಒಂದೂಕಾಲು ಡಿಗ್ರಿ, ತುಸು ದಕ್ಷಿಣಕ್ಕೆ ವಾಲಿ ಇರುವುದೇ 55 ಕ್ಯಾಂಕ್ರಿ. ಎರಡೂ ಒಂದೇ ನೋಟದಲ್ಲಿ ಹಿಡಿಸುತ್ತವೆ. ಚಿಕ್ಕ ದೂರದರ್ಶಕವಿದ್ದರೆ ಅಯೋಟಾವನ್ನೂ ಬಿಡಬೇಡಿ: ಹಳದಿ ನಕ್ಷತ್ರದ ಪಕ್ಕ ನೀಲಿ ಜೊತೆಗಾರ, ಸೊಗಸಾದ ಜೋಡಿ.

ದೂರ 41 ಜ್ಯೋತಿರ್ವರ್ಷ. ನಕ್ಷತ್ರ ಸೂರ್ಯನಿಗಿಂತ ಸ್ವಲ್ಪ ಚಿಕ್ಕದು, ಸ್ವಲ್ಪ ತಂಪು: ದ್ರವ್ಯರಾಶಿ ಸೂರ್ಯನ 0.9ರಷ್ಟು, ತ್ರಿಜ್ಯ 0.943ರಷ್ಟು, ಮೇಲ್ಮೈ ತಾಪ 5,170 ಕೆಲ್ವಿನ್ ಆಸುಪಾಸು. ದೂರದಲ್ಲಿ ಒಂದು ಕೆಂಪು ಕುಬ್ಜ ನಕ್ಷತ್ರ ಇದರ ಸಂಗಾತಿ. ತಿಳಿದಿರುವ ಗ್ರಹಗಳು ಐದು. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ನಕ್ಷತ್ರಕ್ಕೆ ಕೋಪರ್ನಿಕಸ್ ಎಂದೂ ‘ಇ’ ಗ್ರಹಕ್ಕೆ ಯಾನ್ಸನ್ ಎಂದೂ ಹೆಸರಿಟ್ಟಿತು, ಆದರೆ ಕೆಲಸ ಮಾಡುವವರ ಬಾಯಲ್ಲಿ ಈಗಲೂ ‘55 ಕ್ಯಾಂಕ್ರಿ ಇ’ ಎಂದೇ. 2003ರ ಜುಲೈನಲ್ಲಿ ಕ್ರೈಮಿಯಾದ ಯೆವ್ಪಟೋರಿಯಾ ರೇಡಿಯೋ ದೂರದರ್ಶಕದಿಂದ ಈ ನಕ್ಷತ್ರದ ಕಡೆಗೂ ಒಂದು ಸಂದೇಶ ಕಳಿಸಲಾಯಿತು. ಅದು ತಲುಪುವುದು 2044ರಲ್ಲಿ.

ಇನ್ನು ವರ್ಷದ ಉದ್ದ. ಈ ಗ್ರಹದ ಕಥೆಯಲ್ಲಿ ಎಲ್ಲಕ್ಕಿಂತ ಕಲಿಸುವ ತಪ್ಪು ಇಲ್ಲೇ ಇದೆ.

2004ರಲ್ಲಿ ಟೆಕ್ಸಾಸ್‌ನ ಹಾಬಿ-ಎಬರ್ಲಿ ದೂರದರ್ಶಕದ ಮಾಪನಗಳಿಂದ ಗ್ರಹ ಸಿಕ್ಕಿತು. ಗ್ರಹ ಸುತ್ತುವಾಗ ನಕ್ಷತ್ರವೂ ಅತ್ತಿತ್ತ ತೊನೆಯುತ್ತದೆ, ಆ ತೊನೆತಕ್ಕೆ ಬೆಳಕಿನ ರೋಹಿತದ ಗೆರೆಗಳು ಸರಿಯುತ್ತವೆ, ಅದರಿಂದ ವೇಗ ತಿಳಿಯುತ್ತದೆ. ಆಗ ಬಂದ ಉತ್ತರ: ಗ್ರಹ 2.8 ದಿನಕ್ಕೊಂದು ಸುತ್ತು ಹಾಕುತ್ತದೆ. ಆರು ವರ್ಷ ಅದೇ ಅಂಕಿ ಓಡಿತು. 2010ರಲ್ಲಿ ರೆಬೆಕಾ ಡಾಸನ್ ಮತ್ತು ಡೇನಿಯಲ್ ಫ್ಯಾಬ್ರಿಕಿ ಅದೇ ಹಳೆಯ ದತ್ತಾಂಶವನ್ನು ಮತ್ತೆ ತೆಗೆದು, ನಿಜವಾದ ಅವಧಿ 0.74 ದಿನ ಎಂದು ತೋರಿಸಿದರು. ಹೊಸ ವೀಕ್ಷಣೆ ಬೇಕಾಗಲಿಲ್ಲ, ಲೆಕ್ಕ ಸರಿ ಮಾಡಿದರೆ ಸಾಕಾಯಿತು.

ತಪ್ಪು ಹುಟ್ಟಿದ್ದು ಹೇಗೆ? ಒಂದು ದೂರದರ್ಶಕ ಒಂದು ನಕ್ಷತ್ರವನ್ನು ನೋಡುವುದು ರಾತ್ರಿಗೊಮ್ಮೆ, ಅದೂ ನಕ್ಷತ್ರ ಮೇಲೇರಿದ ಹೊತ್ತಿನಲ್ಲಿ. ಹೀಗಾಗಿ ಮಾಪನಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದು ನಾಕ್ಷತ್ರಿಕ ದಿನ (ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ತಿರುಗುವ ಕಾಲ, 24 ಗಂಟೆಗಿಂತ ತುಸು ಕಡಿಮೆ) ಅಥವಾ ಅದರ ಗುಣಕ. ಈಗ ಕ್ಯಾಲ್ಕುಲೇಟರ್ ತೆಗೆಯಿರಿ. ಅವಧಿ 0.7365 ದಿನ ಎಂದರೆ ದಿನಕ್ಕೆ 1.3577 ಸುತ್ತು. ನಾಕ್ಷತ್ರಿಕ ದಿನದ ಲಯ ದಿನಕ್ಕೆ 1.0027. ಕಳೆದರೆ 0.3550. ಅದನ್ನು ತಲೆಕೆಳಗು ಮಾಡಿದರೆ 2.817 ದಿನ. ಗ್ರಹ ಎರಡು ರಾತ್ರಿಗಳ ನಡುವೆ ಒಂದು ಸುತ್ತು ಪೂರ್ತಿ ಮುಗಿಸಿ ಇನ್ನೂ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮುಂದೆ ಹೋಗಿರುತ್ತದೆ, ಆದರೆ ನಮಗೆ ಕಾಣುವುದು ಆ ಮಿಕ್ಕ ತುಂಡು ಮಾತ್ರ. ಆ ತುಂಡನ್ನೇ ಪೂರ್ತಿ ಚಲನೆ ಎಂದುಕೊಂಡರೆ 2.8 ದಿನ ಬಂದೇ ಬರುತ್ತದೆ. ಕಂಪ್ಯೂಟರ್ ಹಾಕಿದ ಗ್ರಾಫ್‌ನಲ್ಲಿ ಎರಡೂ ಜಾಗದಲ್ಲಿ ಶಿಖರ ಏಳುತ್ತದೆ. ಆದರೆ ಅಂದಿನ ಹುಡುಕಾಟಗಳಲ್ಲಿ ಒಂದು ದಿನಕ್ಕಿಂತ ಕಡಿಮೆ ಅವಧಿಗಳ ಕಡೆಗೆ ಹೆಚ್ಚು ಗಮನ ಇರಲಿಲ್ಲ. ‘ಇಷ್ಟು ಹತ್ತಿರ ಗ್ರಹ ಇರಲಾರದು’ ಎಂಬ ಎಣಿಕೆಯೇ ಇಲ್ಲಿ ಕೈಕೊಟ್ಟದ್ದು ಎಂದು ನನ್ನ ಅಭಿಪ್ರಾಯ.

ಅವಧಿ ತಿದ್ದಿದ ಕೂಡಲೇ ಉಳಿದವೂ ಅಲುಗಾಡಿದವು. ದ್ರವ್ಯರಾಶಿ ಮೊದಲು ಭೂಮಿಯ 14 ಪಟ್ಟು ಎಂದಿದ್ದದ್ದು ಎಂಟರ ಹತ್ತಿರಕ್ಕೆ ಇಳಿಯಿತು. ಕಕ್ಷೆ ಕುಗ್ಗಿದ್ದರಿಂದ ಗ್ರಹ ನಮ್ಮ ಕಣ್ಣಿಗೆ ನಕ್ಷತ್ರದ ಮುಂದೆ ಹಾಯುವ ಸಾಧ್ಯತೆ ನೂರಕ್ಕೆ ಹನ್ನೆರಡರಷ್ಟಿದ್ದದ್ದು ಕಾಲು ಭಾಗವನ್ನು ದಾಟಿತು. ಹಾಗಾದರೆ ನೋಡಿಯೇ ಬಿಡೋಣ ಎಂದು 2011ರಲ್ಲಿ ಕೆನಡಾದ ಮೋಸ್ಟ್ ಉಪಗ್ರಹವನ್ನೂ ನಾಸಾದ ಸ್ಪಿಟ್ಜರ್ ದೂರದರ್ಶಕವನ್ನೂ ತಿರುಗಿಸಿದರು. ಎರಡು ತಂಡಗಳಿಗೂ ಸಂಕ್ರಮ, ಅಂದರೆ ಗ್ರಹ ನಕ್ಷತ್ರದ ಮುಂದೆ ಹಾಯುವುದು, ಸಿಕ್ಕಿತು, 0.74 ದಿನದ ಲೆಕ್ಕಕ್ಕೆ ಸರಿಯಾಗಿ. 2.8 ದಿನದ ಲೆಕ್ಕವನ್ನೇ ನಂಬಿ ಕಾದಿದ್ದರೆ ತಪ್ಪು ಹೊತ್ತಿಗೆ ನೋಡುತ್ತಾ ಕೂರಬೇಕಿತ್ತು.

ಈಗಿನ ನಿಖರ ಅವಧಿ 17 ಗಂಟೆ 41 ನಿಮಿಷ. ನಕ್ಷತ್ರದಿಂದ ದೂರ 23 ಲಕ್ಷ ಕಿಲೋಮೀಟರ್, ಕಕ್ಷಾವೇಗ ಸೆಕೆಂಡಿಗೆ ಸುಮಾರು 228 ಕಿಲೋಮೀಟರ್. ಆ ಆಕಾಶದಲ್ಲಿ ನಕ್ಷತ್ರ 33 ಡಿಗ್ರಿ ಅಗಲ ಆವರಿಸಿರುತ್ತದೆ. ನಮ್ಮ ಸೂರ್ಯ ಆವರಿಸುವುದು ಅರ್ಧ ಡಿಗ್ರಿ.

ಗಾತ್ರಕ್ಕೆ ಬರೋಣ. ಸಂಕ್ರಮದ ವೇಳೆ ನಕ್ಷತ್ರದ ಬೆಳಕು ಹತ್ತು ಲಕ್ಷದಲ್ಲಿ ಸುಮಾರು 330 ಪಾಲು ಕಡಿಮೆಯಾಗುತ್ತದೆ, ಒಂದೂವರೆ ಗಂಟೆ ಹೊತ್ತು. 0.00033ರ ವರ್ಗಮೂಲ 0.0182, ಅಂದರೆ ಗ್ರಹದ ತ್ರಿಜ್ಯ ನಕ್ಷತ್ರದ್ದರ ಶೇಕಡ 1.82. ಅದನ್ನು 0.943ರಿಂದ ಗುಣಿಸಿ, ಮತ್ತೆ 109.2ರಿಂದ (ಸೂರ್ಯನ ತ್ರಿಜ್ಯ ಭೂಮಿಯ ಎಷ್ಟು ಪಟ್ಟು ಎಂಬ ಅಂಕಿ) ಗುಣಿಸಿ. 1.87 ಬರುತ್ತದೆ. ಗ್ರಹದ ತ್ರಿಜ್ಯ ಭೂಮಿಯ 1.87 ಪಟ್ಟು, ಸುಮಾರು 11,900 ಕಿಲೋಮೀಟರ್. ಇಲ್ಲಿ ಗಮನಿಸಬೇಕಾದದ್ದು: ನಾವು ಅಳೆಯುವುದು ಅನುಪಾತವನ್ನು. ನಕ್ಷತ್ರದ ತ್ರಿಜ್ಯ ತಪ್ಪಿದರೆ ಗ್ರಹದ್ದೂ ತಪ್ಪುತ್ತದೆ. 55 ಕ್ಯಾಂಕ್ರಿಯ ಅದೃಷ್ಟ ಏನೆಂದರೆ ಅದು ಹತ್ತಿರದ, ಹೊಳೆಯುವ ನಕ್ಷತ್ರ. ಕ್ಯಾಲಿಫೋರ್ನಿಯಾದ ಚಾರಾ ವ್ಯತಿಕರಣ ಮಾಪಕದಿಂದ (ಹಲವು ದೂರದರ್ಶಕಗಳ ಬೆಳಕನ್ನು ಒಟ್ಟು ಸೇರಿಸಿ ನೋಡುವ ಏರ್ಪಾಡು) ಅದರ ಬಿಂಬದ ಅಗಲವನ್ನೇ ನೇರವಾಗಿ ಅಳೆದಿದ್ದಾರೆ. ನೂರಾರು ಜ್ಯೋತಿರ್ವರ್ಷ ದೂರದ ಮಸುಕು ನಕ್ಷತ್ರಗಳ ಗ್ರಹಗಳಿಗೆ ಈ ಭಾಗ್ಯವಿಲ್ಲ, ಅಲ್ಲಿ ನಕ್ಷತ್ರದ ತ್ರಿಜ್ಯ ಬಹುತೇಕ ಮಾದರಿಗಳ ಲೆಕ್ಕದಿಂದ ಬಂದದ್ದು.

ದ್ರವ್ಯರಾಶಿ ಭೂಮಿಯ 8 ಪಟ್ಟು. ಇದಕ್ಕೆ ಆಧಾರ ನಕ್ಷತ್ರದ ತೊನೆತ: ಸೆಕೆಂಡಿಗೆ 6 ಮೀಟರ್, ಒಬ್ಬ ಮನುಷ್ಯ ಓಡುವ ವೇಗ. ತೊನೆತದಿಂದ ಬರುವ ದ್ರವ್ಯರಾಶಿ ಸಾಮಾನ್ಯವಾಗಿ ಕನಿಷ್ಠ ಮಿತಿ ಮಾತ್ರ, ಏಕೆಂದರೆ ಕಕ್ಷೆ ನಮ್ಮ ಕಡೆಗೆ ಎಷ್ಟು ವಾಲಿದೆ ಎಂದು ಗೊತ್ತಿರುವುದಿಲ್ಲ. ಸಂಕ್ರಮ ಕಂಡ ಮೇಲೆ ಆ ಅನುಮಾನ ಹೋಗುತ್ತದೆ, ಕಕ್ಷೆ ಅಂಚಿನಿಂದ ಕಾಣುತ್ತಿದೆ ಎಂದು ಖಾತ್ರಿಯಾಗುತ್ತದೆ. ಸೂಪರ್ ಅರ್ಥ್ ಒಂದರ ಸುದ್ದಿ ಓದುವಾಗ ‘ಸಂಕ್ರಮ ಇದೆಯೇ?’ ಎಂದು ಮೊದಲು ಕೇಳಿಕೊಳ್ಳಿ. ಇಲ್ಲದಿದ್ದರೆ ಗಾತ್ರವೂ ಗೊತ್ತಿಲ್ಲ, ದ್ರವ್ಯರಾಶಿಯೂ ಅರ್ಧ ಗೊತ್ತು.

ಈಗ ಸಾಂದ್ರತೆ. 1.875ರ ಘನ 6.6. ಎಂಟನ್ನು ಅದರಿಂದ ಭಾಗಿಸಿ ಭೂಮಿಯ ಸಾಂದ್ರತೆ 5.51ರಿಂದ ಗುಣಿಸಿದರೆ ಘನ ಸೆಂಟಿಮೀಟರಿಗೆ 6.7 ಗ್ರಾಂ. ‘ಭೂಮಿಗಿಂತ ಸಾಂದ್ರ, ಹಾಗಾದರೆ ಕಬ್ಬಿಣ ಹೆಚ್ಚಿರಬೇಕು’ ಎಂದು ಬರೆದವರಿದ್ದಾರೆ. ಉತ್ತರ ತಿರುಗುಮುರುಗು. ಎಂಟು ಭೂಮಿಗಳಷ್ಟು ವಸ್ತು ಒಂದೆಡೆ ಸೇರಿದರೆ ಅದರ ಸ್ವಂತ ಭಾರಕ್ಕೆ ಒಳಭಾಗ ಇನ್ನಷ್ಟು ಬಿಗಿಯಾಗುತ್ತದೆ. ಭೂಮಿಯದೇ ಮಿಶ್ರಣ, ಅಂದರೆ ಮೂರನೇ ಒಂದು ಭಾಗ ಕಬ್ಬಿಣ ಮತ್ತು ಉಳಿದದ್ದು ಶಿಲೆ, ಆಗಿದ್ದರೆ ತ್ರಿಜ್ಯ ದ್ರವ್ಯರಾಶಿಯ 0.27ನೇ ಘಾತದಂತೆ ಬೆಳೆಯುತ್ತದೆ. ಎಂಟಕ್ಕೆ ಲೆಕ್ಕ ಹಾಕಿದರೆ 1.75, ಸಾಂದ್ರತೆ 8.2. ಗ್ರಹದ ನಿಜವಾದ ತ್ರಿಜ್ಯ ಅದಕ್ಕಿಂತ ಸುಮಾರು 780 ಕಿಲೋಮೀಟರ್ ಹೆಚ್ಚು. ಹಾಗಾಗಿ 55 ಕ್ಯಾಂಕ್ರಿ ಇ ತನ್ನ ತೂಕಕ್ಕೆ ಹಗುರ. ಕಬ್ಬಿಣ ಕಡಿಮೆ ಇರಬೇಕು, ಇಲ್ಲವೇ ಮೇಲೆ ಹಗುರವಾದ ಪದರ ಇರಬೇಕು, ಇಲ್ಲವೇ ಎರಡೂ.

ಈ ‘ಇಲ್ಲವೇ’ಗಳನ್ನು ಬಿಡಿಸುವುದು ಕಷ್ಟ, ಏಕೆಂದರೆ ಸಾಂದ್ರತೆಯ ಲೆಕ್ಕದಲ್ಲಿ ತ್ರಿಜ್ಯದ ದೋಷ ಮೂರು ಪಟ್ಟಾಗುತ್ತದೆ. ತ್ರಿಜ್ಯದಲ್ಲಿ ಶೇಕಡ 3 ತಪ್ಪಾದರೆ ಸಾಂದ್ರತೆಯಲ್ಲಿ ಶೇಕಡ 9. 2011ರಲ್ಲಿ ಸ್ಪಿಟ್ಜರ್ ತಂಡ ಕೊಟ್ಟ ತ್ರಿಜ್ಯ 2.08. ಅದನ್ನು ಹಾಕಿ ನೋಡಿ, ಸಾಂದ್ರತೆ ಐದಕ್ಕಿಂತ ಕೆಳಗಿಳಿಯುತ್ತದೆ. ಅದಕ್ಕೇ ಆಗ ಗ್ರಹದ ಮೇಲೆ ದಪ್ಪ ನೀರಿನ ಪದರವಿದೆ, ಅದು ದ್ರವವೂ ಅಲ್ಲದ ಅನಿಲವೂ ಅಲ್ಲದ ಸ್ಥಿತಿಯಲ್ಲಿದೆ ಎಂಬ ಮಾದರಿ ಬಂದದ್ದು. ತ್ರಿಜ್ಯದ ಸುಮಾರು ಹತ್ತನೇ ಒಂದು ಭಾಗ ಕಳಚಿದಾಗ ಆ ನೀರಿನ ಅಗತ್ಯವೂ ಕರಗಿತು. ಗುರುತ್ವದ ಮಟ್ಟಿಗೆ ಹೇಳುವುದಾದರೆ ನಮ್ಮದರ 2.3 ಪಟ್ಟು, ವಿಮೋಚನಾ ವೇಗ ಸೆಕೆಂಡಿಗೆ 23 ಕಿಲೋಮೀಟರ್.

ವಜ್ರ ಬಂದದ್ದು 2012ರಲ್ಲಿ. ಆಗ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ, ಭಾರತ ಮೂಲದ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ಒಂದು ಸಾಧ್ಯತೆ ಮುಂದಿಟ್ಟರು: ನೀರೇ ಬೇಕೆಂದಿಲ್ಲ, ಗ್ರಹದ ಒಳಗೆ ಸಿಲಿಕೇಟಿನ ಬದಲು ಇಂಗಾಲ ಹೆಚ್ಚಿದ್ದರೂ ಈ ಸಾಂದ್ರತೆ ಹೊಂದುತ್ತದೆ. ಅಷ್ಟು ಒತ್ತಡದಲ್ಲಿ ಇಂಗಾಲ ವಜ್ರವಾಗುತ್ತದೆ. ಆಧಾರ ಗ್ರಹದ್ದಲ್ಲ, ನಕ್ಷತ್ರದ್ದು: ಅದರಲ್ಲಿ ಇಂಗಾಲ–ಆಮ್ಲಜನಕಗಳ ಅನುಪಾತ 1.12 ಎಂದು ಹಿಂದೊಂದು ಅಧ್ಯಯನ ಹೇಳಿತ್ತು. ಸೂರ್ಯನಲ್ಲಿ ಅದು 0.55ರ ಆಸುಪಾಸು. ಮರುವರ್ಷವೇ ಇನ್ನೊಂದು ತಂಡ ಅಳೆದಾಗ 0.78 ಬಂತು. ಇಷ್ಟು ವ್ಯತ್ಯಾಸಕ್ಕೆ ಕಾರಣ ನಿಕ್ಕಲ್. ಆಮ್ಲಜನಕವನ್ನು ಅಳೆಯಲು ಬಳಸುವ 6,300 ಆಂಗ್‌ಸ್ಟ್ರಾಮ್‌ನ ಕ್ಷೀಣ ಗೆರೆಯ ಮೇಲೆಯೇ ನಿಕ್ಕಲ್‌ನ ಗೆರೆಯೊಂದು ಕೂತಿದೆ. ಇಂಥ ಲೋಹಸಮೃದ್ಧ ನಕ್ಷತ್ರದಲ್ಲಿ ನಿಕ್ಕಲ್‌ನ ಪಾಲನ್ನು ಎಷ್ಟು ಕಳೆಯುತ್ತೀರಿ ಎನ್ನುವುದರ ಮೇಲೆ ಆಮ್ಲಜನಕದ ಅಂಕಿ ಏರಿಳಿಯುತ್ತದೆ. ಫಾರ್ವರ್ಡ್ ಮಾಡುವವರಿಗೆ ಈ ನಿಕ್ಕಲ್‌ನ ಸುದ್ದಿ ಇನ್ನೂ ಮುಟ್ಟಿಲ್ಲ.

ತಾಪದ ವಿಚಾರ ಎಲ್ಲಕ್ಕಿಂತ ಜಟಿಲ. ಭೂಮಿಗೆ ಸೂರ್ಯನಿಂದ ಬರುವ ಬೆಳಕಿನ 2,400 ಪಟ್ಟು ಈ ಗ್ರಹದ ಮೇಲೆ ಬೀಳುತ್ತದೆ. ಇಷ್ಟು ಹತ್ತಿರದ ಗ್ರಹ ಚಂದ್ರನಂತೆ ಒಂದೇ ಮುಖವನ್ನು ತನ್ನ ಒಡೆಯನ ಕಡೆಗೆ ಇಟ್ಟುಕೊಂಡು ಸುತ್ತುತ್ತದೆ ಎಂದು ಎಣಿಕೆ. ವಾತಾವರಣವೇ ಇಲ್ಲದ ಬೋಳು ಬಂಡೆಯಾಗಿದ್ದರೆ ಹಗಲಿನ ಮುಖದ ತಾಪ 2,500 ಕೆಲ್ವಿನ್ ಇರಬೇಕು. ಗಾಳಿ ಬಿಸಿಯನ್ನು ರಾತ್ರಿಯ ಕಡೆಗೆ ಪೂರ್ತಿ ಸಾಗಿಸಿದರೆ 1,950. ಎರಡರಲ್ಲಿ ಯಾವುದಾದರೂ ಬಸಾಲ್ಟ್ ಕರಗಲು ಸಾಕೋ ಸಾಕು, ಹಾಗಾಗಿ ಹಗಲಿನ ಕಡೆ ಲಾವಾ ಸಮುದ್ರ ಎನ್ನುವುದರಲ್ಲಿ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ಅದರ ಮೇಲಿನ ಗಾಳಿಯ ಬಗ್ಗೆ.

ತಾಪ ಅಳೆಯುವ ಬಗೆ ಹೀಗೆ. ಗ್ರಹ ನಕ್ಷತ್ರದ ಹಿಂದೆ ಮರೆಯಾದಾಗ ಅವಕೆಂಪು ಬೆಳಕು ಎಷ್ಟು ಕಡಿಮೆಯಾಯಿತು ಎಂದು ನೋಡುವುದು. ಆ ಕೊರತೆಯೇ ಗ್ರಹದ ಸ್ವಂತ ಬೆಳಕು. 2016ರಲ್ಲಿ ಪ್ರಕಟವಾದ ಸ್ಪಿಟ್ಜರ್ ನಕ್ಷೆಯ ಪ್ರಕಾರ ಅತಿ ಬಿಸಿ ಜಾಗ ನಡುಹಗಲಿನ ಬಿಂದುವಿನಲ್ಲಿ ಇರಲಿಲ್ಲ, 41 ಡಿಗ್ರಿ ಪೂರ್ವಕ್ಕೆ ಸರಿದಿತ್ತು. ಬಿಸಿ ಗಾಳಿ ಬೀಸುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯೆನಿಸಿತು. 2022ರಲ್ಲಿ ಅದೇ ದತ್ತಾಂಶವನ್ನು ಬೇರೆ ರೀತಿಯಲ್ಲಿ ಶುದ್ಧಿ ಮಾಡಿದವರಿಗೆ ಆ ಸರಿತ ಕಾಣಲೇ ಇಲ್ಲ. ಸ್ಪಿಟ್ಜರ್ ಪತ್ತೆಕಾರಕದ ಒಂದೇ ಪಿಕ್ಸೆಲ್‌ನ ಒಳಗೂ ಸಂವೇದನೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ದೂರದರ್ಶಕ ತುಸು ಅಲುಗಿದರೆ ಹುಟ್ಟುವ ಹುಸಿ ಏರಿಳಿತ ಗ್ರಹದ ಸಂಕೇತಕ್ಕಿಂತ ಎಷ್ಟೋ ದೊಡ್ಡದು. ಅದನ್ನು ತೆಗೆಯುವ ವಿಧಾನ ಬದಲಾದರೆ ನಕ್ಷೆಯೂ ಬದಲಾಗುತ್ತದೆ.

2024ರ ಮೇ ತಿಂಗಳಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಫಲಿತಾಂಶ ಬಂತು. ಅದರ ಮಿರಿ ಉಪಕರಣ ಕಂಡ ಹಗಲಿನ ತಾಪ ಸುಮಾರು 1,800 ಕೆಲ್ವಿನ್, ಬೋಳು ಬಂಡೆಯ ನಿರೀಕ್ಷೆಗಿಂತ ಬಹಳ ಕಡಿಮೆ. ಬಿಸಿಯನ್ನು ಏನೋ ಹೊತ್ತೊಯ್ಯುತ್ತಿದೆ. ನಿಯರ್‌ಕ್ಯಾಮ್ ಉಪಕರಣದ 4ರಿಂದ 5 ಮೈಕ್ರಾನ್ ರೋಹಿತದಲ್ಲಿ ಇಂಗಾಲದ ಡೈಆಕ್ಸೈಡ್ ಅಥವಾ ಮಾನಾಕ್ಸೈಡ್ ಹೀರಿದಂತೆ ಕಾಣುವ ಗುರುತೂ ಇತ್ತು. ಹೈಡ್ರೋಜನ್ ಅಲ್ಲಿ ಉಳಿದಿರಲಾರದು. 2012ರಲ್ಲೇ ಹಬಲ್ ಹುಡುಕಿ ಬರಿಗೈಯಲ್ಲಿ ಮರಳಿತ್ತು, ಅಷ್ಟು ಬಿಸಿಗೆ ಹಗುರ ಅನಿಲ ಹಾರಿಹೋಗುತ್ತದೆ. ಆದರೆ ಕರಗಿದ ಶಿಲೆಯಲ್ಲಿ ಇಂಗಾಲ, ಆಮ್ಲಜನಕ ಸಾಕಷ್ಟು ಅಡಗಿರಬಲ್ಲದು. ಮೇಲಿನದು ತಪ್ಪಿಸಿಕೊಂಡಷ್ಟೂ ಕೆಳಗಿನಿಂದ ಉಕ್ಕಿ ಬರುತ್ತಿರುತ್ತದೆ ಎಂಬುದು ಈಗಿನ ವಿವರಣೆ. ಒಂದು ಎಚ್ಚರಿಕೆ: ನಕ್ಷತ್ರ ವೆಬ್‌ನ ಕಣ್ಣಿಗೆ ಅತಿಯಾಗಿ ಹೊಳೆಯುವಂಥದು. ನಿಯರ್‌ಕ್ಯಾಮ್ ದತ್ತಾಂಶದಲ್ಲಿ ಉಪಕರಣದ ಗದ್ದಲ ಇದ್ದುದರಿಂದ ತಂಡ ಒಟ್ಟು ಮಟ್ಟವನ್ನು ಬಿಟ್ಟು ಒಂದು ತರಂಗಾಂತರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನೇ ನೆಚ್ಚಿಕೊಂಡಿತು.

ಅದೇ ವರ್ಷ ಇನ್ನೊಂದು ತಂಡ ನಿಯರ್‌ಕ್ಯಾಮ್‌ನಲ್ಲಿ ಸೆರೆಯಾದ ಐದು ಮರೆಗಳನ್ನು (ಗ್ರಹ ನಕ್ಷತ್ರದ ಹಿಂದೆ ಸರಿದ ಸಂದರ್ಭಗಳನ್ನು) ಹೋಲಿಸಿತು. 4.5 ಮೈಕ್ರಾನ್‌ನಲ್ಲಿ ತಾಪ ಒಮ್ಮೆ 873 ಕೆಲ್ವಿನ್, ಇನ್ನೊಮ್ಮೆ 2,256! ಎಲ್ಲವೂ ಕೆಲವೇ ತಿಂಗಳೊಳಗೆ. ಸ್ಪಿಟ್ಜರ್‌ನಲ್ಲೂ 2012 ಮತ್ತು 2013ರ ನಡುವೆ ಮರೆಯ ಆಳ ಹತ್ತು ಲಕ್ಷಕ್ಕೆ 47ರಿಂದ 176ಕ್ಕೆ ಏರಿತ್ತು. ಹಾಗಾಗಿ ಬರೀ ಉಪಕರಣದ ಚೇಷ್ಟೆ ಎಂದು ತಳ್ಳಿಹಾಕುವುದು ಕಷ್ಟ. ಗ್ರಹ ಎರಡು ಸುತ್ತಿಗೆ ಮೂರು ಬಾರಿ ತನ್ನ ಸುತ್ತ ತಿರುಗುತ್ತಿದ್ದರೆ ಸುತ್ತಿಗೊಂದರಂತೆ ಬೇರೆ ಮುಖ ಕಂಡೀತು ಎಂಬ ಊಹೆಯಿತ್ತು, ಆದರೆ ಅಂಕಿಗಳು ಆ ಸಮ-ಬೆಸ ಕ್ರಮಕ್ಕೆ ಕೂಡಿಬರಲಿಲ್ಲ. ಉಳಿದಿರುವುದು ಅಸ್ಥಿರ ವಾತಾವರಣ: ಅನಿಲ ಉಕ್ಕುವುದು, ಶಿಲೆಯ ಆವಿ ಮೋಡಗಟ್ಟುವುದು, ಮೋಡದ ನೆರಳಿಗೆ ಲಾವಾ ತಣಿಯುವುದು, ಮೋಡ ಚದುರಿ ಮತ್ತೆ ಕಾಯುವುದು. ಇದು ನಿಜವಾದರೆ ಈ ಗ್ರಹಕ್ಕೆ ‘ತಾಪಮಾನ ಇಷ್ಟು’ ಎಂದು ಒಂದೇ ಅಂಕಿ ಬರೆಯುವುದೇ ತಪ್ಪು, ದಿನಾಂಕವನ್ನೂ ಜೊತೆಗೆ ಬರೆಯಬೇಕು.

ಸಂಕ್ರಮವನ್ನು ಸ್ವತಃ ನೋಡಬೇಕೆಂದರೆ ದೂರದರ್ಶಕ ಬೇಡ, ಲ್ಯಾಪ್‌ಟಾಪ್ ಸಾಕು. ನೆಲದ ಮೇಲಿನ ಹವ್ಯಾಸಿ ದೂರದರ್ಶಕಕ್ಕೆ ಹತ್ತು ಲಕ್ಷಕ್ಕೆ 330 ಪಾಲು ಎಟುಕುವುದಿಲ್ಲ, ಗಾಳಿಯ ಮಿನುಗೇ ಅದನ್ನು ನುಂಗುತ್ತದೆ. ನಾಸಾದ ಟೆಸ್ ಉಪಗ್ರಹದ ದತ್ತಾಂಶ ಉಚಿತ. ಪೈಥಾನ್‌ನ ಲೈಟ್‌ಕರ್ವ್ (lightkurve) ಪ್ಯಾಕೇಜ್ ಹಾಕಿಕೊಂಡು, 55 ಕ್ಯಾಂಕ್ರಿಯ ಹೆಸರಿನಲ್ಲಿ ಎರಡು ನಿಮಿಷಕ್ಕೊಂದು ಬಿಂದುವಿನ ದತ್ತಾಂಶ ಹುಡುಕಿ 21ನೇ ಸೆಕ್ಟರ್ (ಟೆಸ್ ಆಕಾಶದ ಒಂದೇ ಭಾಗವನ್ನು ಸುಮಾರು 27 ದಿನ ನೋಡಿದ ಕಂತು) ಇಳಿಸಿಕೊಳ್ಳಿ. ಅದು 2020ರ ಆರಂಭದ್ದು. ಗುಣಮಟ್ಟದ ಗುರುತು ಬಿದ್ದ ಬಿಂದುಗಳನ್ನು ತೆಗೆಯಿರಿ, ನಿಧಾನದ ಏರಿಳಿತವನ್ನು ಸಪಾಟು ಮಾಡಿ, 0.736547 ದಿನಕ್ಕೆ ಮಡಿಸಿ (ಎಲ್ಲ ಸುತ್ತುಗಳನ್ನೂ ಒಂದರ ಮೇಲೊಂದು ಕೂರಿಸಿ), ಹತ್ತು ನಿಮಿಷದ ಗುಂಪುಗಳಾಗಿ ಸರಾಸರಿ ತೆಗೆಯಿರಿ. ಒಂದೇ ಸಂಕ್ರಮವನ್ನು ಕಣ್ಣಳತೆಯಲ್ಲಿ ಹುಡುಕಬೇಡಿ. ಮೂವತ್ತರಷ್ಟು ಒಂದರ ಮೇಲೊಂದು ಕೂತಾಗ ತಗ್ಗು ಚೆನ್ನಾಗಿ ಮೂಡುತ್ತದೆ.

ಎಲ್ಲರೂ ಎಡವುವುದು ಸಪಾಟು ಮಾಡುವ ಹಂತದಲ್ಲಿ. ಲೈಟ್‌ಕರ್ವ್ ತಾನಾಗಿ ಇಟ್ಟುಕೊಳ್ಳುವ ಕಿಟಕಿ, ಅಂದರೆ ಒಮ್ಮೆಗೆ ನೋಡಿ ಸಪಾಟು ಮಾಡುವ ತುಂಡು, 101 ಬಿಂದುಗಳದ್ದು. ಎರಡು ನಿಮಿಷದ ದತ್ತಾಂಶಕ್ಕೆ ಅದು ಮೂರು ಗಂಟೆ ಚಿಲ್ಲರೆ ಮಾತ್ರ. ಸಂಕ್ರಮವೇ ಒಂದೂವರೆ ಗಂಟೆ ಇರುವುದರಿಂದ ಅಷ್ಟು ಚಿಕ್ಕ ಕಿಟಕಿ ಅದನ್ನೂ ‘ಏರಿಳಿತ’ ಎಂದುಕೊಂಡು ಒರೆಸಿಹಾಕುತ್ತದೆ. ತಗ್ಗಿನ ಆಳ ಕುಗ್ಗಿ, ಎರಡೂ ಪಕ್ಕದಲ್ಲಿ ಹುಸಿ ಉಬ್ಬು ಏಳುತ್ತದೆ. ಆ ಉಬ್ಬು ಕಂಡರೆ ಕಿಟಕಿ ಚಿಕ್ಕದಾಯಿತೆಂದೇ ಅರ್ಥ. 1001 ಬಿಂದು ಕೊಡಿ, ಬೆಸ ಸಂಖ್ಯೆಯೇ ಬೇಕು. ಅವಧಿಯನ್ನು ನೀವೇ ಹುಡುಕುವುದಾದರೆ 0.5ರಿಂದ 1 ದಿನದೊಳಗೆ ಹುಡುಕಿ. ವ್ಯಾಪ್ತಿ ಹಿಗ್ಗಿಸಿದರೆ 1.47 ದಿನದಲ್ಲೂ ಶಿಖರ ಸಿಗುತ್ತದೆ, ಅದು ಎರಡು ಪಟ್ಟಿನ ನಕಲು. ಆಳ ಹತ್ತು ಲಕ್ಷಕ್ಕೆ 330ಕ್ಕಿಂತ ಸ್ವಲ್ಪ ಹೆಚ್ಚು ಬಂದರೆ ಗಾಬರಿ ಬೇಡ. ನಕ್ಷತ್ರದ ಬಿಂಬ ಅಂಚಿಗಿಂತ ನಡುವಿನಲ್ಲಿ ಹೆಚ್ಚು ಹೊಳೆಯುತ್ತದೆ, ಗ್ರಹ ನಡುಭಾಗದ ಹತ್ತಿರ ಹಾಯುವಾಗ ಮುಚ್ಚುವ ಬೆಳಕೂ ಸರಾಸರಿಗಿಂತ ಹೆಚ್ಚು. ಗ್ರಹ ಹಿಂದೆ ಮರೆಯಾಗುವ ತಗ್ಗನ್ನು ಮಾತ್ರ ಇದೇ ದತ್ತಾಂಶದಲ್ಲಿ ಹುಡುಕಲು ಹೋಗಬೇಡಿ. ಟೆಸ್ ನೋಡುವ ಬೆಳಕಿನಲ್ಲಿ ಅದು ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲಿಗೂ ಕಡಿಮೆ. ಒಂದೇ ಸೆಕ್ಟರ್‌ನಲ್ಲಿ ಮನೆಯಲ್ಲಿ ಕೂತು ಅದನ್ನು ಕಂಡೆ ಎನಿಸಿದರೆ, ಬಹುಮಟ್ಟಿಗೆ ಕಂಡದ್ದು ನೀವೇ ಸಪಾಟು ಮಾಡಿದ ಗುರುತು.